ಟ್ರಿನಿಡಾಡಿನ ಒಂದು ಜನನ ಪತ್ರ

ಟ್ರಿನಿಡಾಡಿಗೆ ಹೋಗಿ ಬಂದೆನೆಂದಾಗ ನಮ್ಮ ಕಚೇರಿಯ ಮಿತ್ರರು ಮೊದಲು ಕೇಳಿದ್ದು ಕ್ರಿಕೆಟ್ಟಿನ ವಿಷಯ. ೧೯೭೧ರಲ್ಲಿ ಸುನಿಲ್ ಗಾವಸ್ಕರರು ಒಂದೇ ಟೆಸ್ಟ್ ಪಂದ್ಯದಲ್ಲಿ ೧೨೪ ಮತ್ತು ೨೨೦ ಓಟ ಹೊಡೆದ ಮೈದಾನ ಅಲ್ಲಿಯ ರಾಜಧಾನಿ ಪೋರ್ಟ್ ಆಫ್ ಸ್ಪೇನಿನಲ್ಲಿದೆ. ಮುಂಬಯಿಯವರಿಗೆ ಅದು ತೀರ್ಥಕ್ಷೇತ್ರವೇ ಸರಿ. “ಮೈದಾನ ನೋಡಿದಿರೇನು?” ಎಂದರು. “ಹೊರಗಿನಿಂದ ನೋಡಿದೆ” ಎಂದೆ. “ಹಾಗಾದರೆ ಮೂರು ವಾರ ಏನು ಮಾಡಿದಿರಿ?” “ಜನನದ ರಿಜಿಸ್ಟರು ಓದಿದೆ.” ಎಲ್ಲರೂ ಗೊಳ್ಳೆಂದು ನಕ್ಕರು. ಹತ್ತು ವರ್ಷಗಳಿಂದ ಜನನ-ಮರಣ ನೋಂದಣಿಯ ಮೇಜಿನ ಹಿಂದೆ ಕುಳಿತ ಗುಮಾಸ್ತನು ರಜೆ ಹಾಕಿ, ಸೊಸೈಟಿಯಲ್ಲಿ ಸಾಲ ತೆಗೆದು, ಎರಡು ವಿಮಾನ ಹತ್ತಿಳಿದು ಹೋಗಿ, ಅಲ್ಲಿಯೂ ಅದನ್ನೇ ಓದಿ ಬಂದನೆಂದರೆ ನಗದೆ ಇನ್ನೇನು ಮಾಡಿಯಾರು? ಆದರೆ ಆ ಓದಿನಿಂದ ನನ್ನ ಮೇಜಿನ ಮೇಲಿನ ಕಾಗದ ನನಗೆ ಬೇರೆಯಾಗಿಯೇ ಕಾಣಹತ್ತಿದೆ. ಅದನ್ನು ಹೇಳಲೆಂದೇ ಈ ಬರಹ.

ನನ್ನ ಭಾವನವರು ಆ ದ್ವೀಪದ ದಕ್ಷಿಣಕ್ಕಿರುವ ಸ್ಯಾನ್ ಫರ್ನಾಂಡೋ ಊರಿನಲ್ಲಿ ವೈದ್ಯರು. ಅಕ್ಕ ಫೋನು ಮಾಡಿದಾಗಲೆಲ್ಲ ಒಂದೇ ಮಾತು: “ತಮ್ಮಾ, ನಾ ಇಲ್ಲಿ ಇರೂತನಕ ಒಮ್ಮೆರೆ ಬಂದು ಹೋಗೋ. ಆಮ್ಯಾಲೆ ಬಂದ್ರ ಯಾರ ಮನೀಗೆ ಬರ್ತೀ?” ಕಡೆಗೊಮ್ಮೆ ಮನಸ್ಸು ಗಟ್ಟಿಮಾಡಿ ಹೊರಟೆ. ಮುಂಬಯಿಯಿಂದ ಲಂಡನ್, ಅಲ್ಲಿಂದ ಅಟ್ಲಾಂಟಿಕ್ ಸಾಗರ ದಾಟಿ ಟ್ರಿನಿಡಾಡ್. ನಮ್ಮ ಗಡಿಯಾರಕ್ಕಿಂತ ಒಂಬತ್ತೂವರೆ ತಾಸು ಹಿಂದೆ. ನಕ್ಷೆಯಲ್ಲಿ ನೋಡಿದರೆ ವೆನೆಜುವೆಲಾ ದೇಶದ ಮಗ್ಗುಲಲ್ಲಿ ಬಿದ್ದ ಒಂದು ಚೂರು ನೆಲ. ನಮ್ಮ ಧಾರವಾಡ ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೆ.

ಇಳಿದ ಮರುದಿನ ಭಾವನವರು ಕಾರಿನಲ್ಲಿ ಊರು ತೋರಿಸಲು ಹೊರಟರು. ದಾರಿಯ ಎರಡೂ ಕಡೆ ಮನೆಗಳ ಅಂಗಳದಲ್ಲಿ ಬಿದಿರುಗಳದ ತುದಿಗೆ ಕೆಂಪು, ಹಳದಿ, ಬಿಳಿಯ ಬಾವುಟಗಳು. ಯಾವುದೋ ಪಕ್ಷದ ಚುನಾವಣೆಯೆಂದುಕೊಂಡೆ. “ಅಲ್ಲಪ್ಪ, ಪೂಜೆ ಮಾಡಿಸಿದ ಮೇಲೆ ನೆಡುವ ಝಂಡಿ ಅದು. ಕೆಂಪು ಹನುಮಂತನದು” ಎಂದರು ಭಾವ. ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿ ಡಬಲ್ಸ್ ಎಂಬ ತಿಂಡಿ ಕೊಡಿಸಿದರು: ಕರಿದ ಎರಡು ಮೆತ್ತನೆಯ ಬಾರಾಗಳ ನಡುವೆ ಕಡಲೆಕಾಳಿನ ಪಲ್ಯ. ಇನ್ನು ದಾಲ್‌ಪುರಿ ಎಂಬ ರೊಟ್ಟಿಯಂತೂ ಬೆಲ್ಲ ಹಾಕುವುದನ್ನು ಮರೆತ ನಮ್ಮ ಹೋಳಿಗೆಯೇ! ಆದರೆ ಮಾರುವವಳ ಬಾಯಲ್ಲಿ ಹಿಂದಿಯ ಒಂದು ವಾಕ್ಯವೂ ಬಾರದು. ಮಾತೆಲ್ಲ ಅವರದೇ ರಾಗದ ಇಂಗ್ಲಿಷು. ಅಡುಗೆಯ ಹೆಸರು, ದೇವರ ಹೆಸರು, ಬಂಧುಗಳ ಹೆಸರು ಮಾತ್ರ ಉಳಿದಿವೆ. ತಂದೆಯ ತಾಯಿಯನ್ನು ಅವರು ‘ಆಜಿ’ ಎನ್ನುತ್ತಾರೆ. ನನ್ನ ಕಿವಿಗೆ ಅದು ಅಜ್ಜಿಯೆಂದೇ ಬಿತ್ತು.

ಇವರು ಅಲ್ಲಿಗೆ ಬಂದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ಮೊದಲು ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ೧೮೩೪ರ ಆಗಸ್ಟ್ ೧ರಂದು ಗುಲಾಮಗಿರಿ ಕಾನೂನಿನಲ್ಲಿ ನಿಂತಿತು. ೧೮೩೮ರ ಅದೇ ದಿನ ಪೂರ್ಣ ಬಿಡುಗಡೆಯಾಯಿತು. ಆಮೇಲೆ ತೋಟದ ಮಾಲೀಕರ ಕಣ್ಣು ನಮ್ಮ ದೇಶದ ಮೇಲೆ ಬಿದ್ದಿತು. ೧೮೪೫ರ ಮೇ ೩೦ರಂದು ‘ಫತೇಲ್ ರಜಾಕ್’ ಎಂಬ ಹಡಗು ಕರಾರಿನ ಕೂಲಿಗಳ ಮೊದಲ ತಂಡವನ್ನು ಟ್ರಿನಿಡಾಡಿನಲ್ಲಿ ಇಳಿಸಿತು. ೧೯೧೭ರಲ್ಲಿ ಈ ವ್ಯವಸ್ಥೆ ನಿಲ್ಲುವವರೆಗೆ ಆ ಒಂದು ದ್ವೀಪಕ್ಕೆ ಬಂದವರು ಸುಮಾರು ೧,೪೪,೦೦೦ ಜನ. ನೆರೆಯ ಬ್ರಿಟಿಷ್ ಗಯಾನಾಕ್ಕೆ ೨,೩೯,೦೦೦ದಷ್ಟು, ಜಮೈಕಾಕ್ಕೆ ೩೬,೦೦೦ಕ್ಕೂ ಮೇಲು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರಗಳ ಕಡೆಯವರು. ಕಲಕತ್ತೆಯಲ್ಲಿ ಹಡಗು ಹತ್ತಿದವರು. ಮದರಾಸಿನಿಂದಲೂ ಕೆಲವು ಹಡಗುಗಳು ಹೋದವು. ಆ ಹಡಗಿನಲ್ಲಿ ಬಂದವರ ಮನೆಮಾತು ಯಾವುದೇ ಇರಲಿ, ಅಲ್ಲಿ ಅವರೆಲ್ಲರಿಗೂ ಒಂದೇ ಹೆಸರು, ‘ಮದ್ರಾಸಿ’. ಮುಂಬಯಿ, ದಿಲ್ಲಿಗಳಲ್ಲಿ ಬಾಳಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕನವರು ಇರುವುದು ಬಾಡಿಗೆಯ ಮನೆ. ಮನೆಯ ಯಜಮಾನಿತಿಗೆ ಎಂಬತ್ತು ದಾಟಿದೆ. ಬೆಳಿಗ್ಗೆ ತುಳಸಿಗೆ ನೀರು ಹಾಕಿ, ವರಾಂಡದ ಜೋಲುಮಂಚದ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವ ಹೆಂಗಸು. ನಾನು ಇಂಥ ಕೆಲಸದವನೆಂದು ಅಕ್ಕ ಹೇಳಿದ್ದಳೆಂದು ಕಾಣುತ್ತದೆ. ಒಂದು ಸಂಜೆ ನನ್ನನ್ನು ಕರೆದು, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಮುಂದಿಟ್ಟರು. “ಬೇಟಾ, ನೀನು ಇಂಥ ಕಾಗದ ದಿನವೂ ನೋಡುವವನಂತೆ. ಇದನ್ನು ನೋಡು. ನನ್ನ ಮಕ್ಕಳಿಗೂ ನಾನು ತೋರಿಸಿಲ್ಲ.”

ಅದು ಅವರ ತಂದೆಯ ಜನನದ ದಾಖಲೆಯ ನಕಲು. ಯಾವುದೋ ಕಾಲದಲ್ಲಿ ಒಬ್ಬ ಗುಮಾಸ್ತ ಮೂಲ ರಿಜಿಸ್ಟರನ್ನು ನೋಡಿ ಕೈಯಿಂದ ಬರೆದುಕೊಟ್ಟದ್ದು. ಜನನದ ವರ್ಷ ೧೯೧೧. ಸ್ಥಳ, ಕೂವಾ ಊರಿನ ಕಡೆಯ ಒಂದು ಕಬ್ಬಿನ ತೋಟ. ತಾಯಿಯ ಹೆಸರು ಇತ್ತು. ತಂದೆಯ ಹೆಸರಿನ ಕಾಲಮಿನಲ್ಲಿ ಒಂದು ಗೆರೆ ಮಾತ್ರ.

“ನನ್ನ ಆಜಾ ಯಾರೆಂದು ಊರಿಗೆಲ್ಲ ಗೊತ್ತಿತ್ತು. ನಾವೆಲ್ಲ ಅವನ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಆದರೆ ಕಾಗದ ಹೀಗೆ ಹೇಳುತ್ತದೆ. ನನ್ನ ತಂದೆ ಈ ಕಾಗದವನ್ನು ಸಾಯುವವರೆಗೆ ಬಚ್ಚಿಟ್ಟಿದ್ದರು” ಎಂದು ಆಕೆ ತಲೆ ತಗ್ಗಿಸಿದರು. ಎಂಬತ್ತು ದಾಟಿದ ಹೆಂಗಸು ನೂರು ವರ್ಷಕ್ಕೂ ಹಳೆಯದಾದ ಒಂದು ಗೆರೆಗಾಗಿ ತಲೆ ತಗ್ಗಿಸಿದ್ದನ್ನು ಕಂಡು ನನಗೆ ಮಾತು ಹೊರಡಲಿಲ್ಲ.

ಆ ಗೆರೆಯ ಅರ್ಥ ಮರುದಿನದಿಂದ ಒಂದೊಂದಾಗಿ ಬಿಚ್ಚಿಕೊಂಡಿತು. ಟ್ರಿನಿಡಾಡಿನಲ್ಲಿ ಸರ್ಕಾರವೇ ಜನನ-ಮರಣಗಳನ್ನು ಬರೆದಿಡಲು ತೊಡಗಿದ್ದು ೧೮೪೮ರಲ್ಲಿ. ಇಂಗ್ಲೆಂಡಿನಲ್ಲಿ ಅದು ಆರಂಭವಾದದ್ದು ೧೮೩೭ರಲ್ಲಿ ಎಂದರೆ, ಎಷ್ಟು ಬೇಗ ಅದು ಅಲ್ಲಿಗೆ ತಲುಪಿತೆಂಬುದನ್ನು ಊಹಿಸಬಹುದು. ಜಮೈಕಾದಲ್ಲಿ ೧೮೭೮ರವರೆಗೆ ಕಾಯಬೇಕಾಯಿತು. ಆದರೆ ಹುಟ್ಟನ್ನು ಬರೆದುಕೊಂಡ ಸರ್ಕಾರ, ನಮ್ಮವರ ಮದುವೆಯನ್ನು ಮದುವೆಯೆಂದು ಒಪ್ಪಲಿಲ್ಲ. ಬಿದಿರಿನ ಚಪ್ಪರದ ಕೆಳಗೆ ಪುರೋಹಿತನ ಮುಂದೆ ಅಗ್ನಿಸಾಕ್ಷಿಯಾಗಿ ಕೈಹಿಡಿದವರು ಕಚೇರಿಗೆ ಹೋಗಿ ಬೇರೆಯಾಗಿ ದಾಖಲು ಮಾಡಿಸದಿದ್ದರೆ, ಕಾನೂನಿನ ಕಣ್ಣಿಗೆ ಗಂಡಹೆಂಡಿರಲ್ಲ. ಅವರ ಮಗುವಿಗೆ ತಂದೆಯಿಲ್ಲ. ಹಿಂದೂ ಪದ್ಧತಿಯ ಮದುವೆಗೆ ಅಲ್ಲಿ ಕಾನೂನಿನ ಮಾನ್ಯತೆ ಬಂದದ್ದು ೧೯೪೫ರ ಶಾಸನದಿಂದ. ಅಂದರೆ ಮೊದಲ ಹಡಗು ಬಂದು ಸರಿಯಾಗಿ ನೂರು ವರ್ಷಗಳ ಮೇಲೆ! ಆ ನೂರು ವರ್ಷದ ರಿಜಿಸ್ಟರುಗಳಲ್ಲಿ ಹೀಗೆ ಗೆರೆ ಬಿದ್ದ ಮನೆಗಳು ಎಷ್ಟೋ. ಆಜಾ ಎಲ್ಲಿಯೂ ಓಡಿಹೋಗಿರಲಿಲ್ಲ. ಮನೆಯಲ್ಲಿಯೇ ಇದ್ದ. ಅವನನ್ನು ಬರೆದುಕೊಳ್ಳಲು ಕಾಗದದಲ್ಲಿ ಸ್ಥಳವಿರಲಿಲ್ಲ, ಅಷ್ಟೆ.

ಇದನ್ನು ನಾನು ಹೇಳಿದಾಗ ಯಜಮಾನಿತಿ ಬಹಳ ಹೊತ್ತು ಸುಮ್ಮನಿದ್ದರು. “ಇಷ್ಟೇನೇ?” ಎಂದರು ಕಡೆಗೆ.

ಇಷ್ಟೇ ಆಗಿರಲಿಲ್ಲ. ದಿನವೂ ಇಂಥ ಕಾಗದವನ್ನು ತಿರುವುವವನ ಕಣ್ಣಿಗೆ ಇನ್ನೊಂದು ಸಂಗತಿ ಬಿದ್ದಿತ್ತು. ಆ ಮನೆಯವರೆಲ್ಲ ಖಾಲಿ ಕಾಲಮನ್ನೇ ನೋಡಿ ನೋಡಿ ಕಾಗದ ಮಡಚಿಟ್ಟಿದ್ದರು. ಅದರ ಮಗ್ಗುಲಲ್ಲಿ, ತಾಯಿಯ ಹೆಸರಿನ ಮುಂದೆ, ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇತ್ತು. ಅದು ಕರಾರಿನ ಮೇಲೆ ಬಂದ ಪ್ರತಿಯೊಬ್ಬರಿಗೂ ಆ ವಸಾಹತು ಕೊಡುತ್ತಿದ್ದ ವಲಸೆಯ ಸಂಖ್ಯೆ. ಅಂಥವರ ಮಕ್ಕಳ ಜನನ ದಾಖಲೆಯಲ್ಲಿ ಕೆಲವೊಮ್ಮೆ ಅದನ್ನೂ ಬರೆಯುತ್ತಿದ್ದರು. ಕಾಗದದ ಕೊನೆಯಲ್ಲಿ, ಮಾಹಿತಿ ಕೊಟ್ಟವರ ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು. ಅದರ ಸುತ್ತ ‘ತಾಯಿ, ಇವಳ ಗುರುತು’ ಎಂದಿತ್ತು. ಬಾಣಂತಿ ತಾನೇ ಹೋಗಿ ಮಗುವಿನ ಹುಟ್ಟನ್ನು ಬರೆಸಿ ಬಂದಿದ್ದಳು.

ಕೆರಿಬಿಯನ್ನಿನಲ್ಲಿ ತಮ್ಮ ಬೇರು ಹುಡುಕುವವರು ಹಿಡಿಯುವ ದಾರಿ ಇದೇ. ಮುಂದಿನಿಂದ ಹಿಂದಕ್ಕೆ ನಡೆಯಬೇಕು. ಮೊದಲು ತನ್ನ ಜನನ ಪತ್ರ, ಅಲ್ಲಿಂದ ತಂದೆತಾಯಿಯರದು, ಆಮೇಲೆ ಅವರ ಹಿರಿಯರ ಮದುವೆ, ಮರಣದ ದಾಖಲೆಗಳು. ಒಂದೊಂದು ಕಾಗದವೂ ಮುಂದಿನದಕ್ಕೆ ಒಂದು ಸುಳಿವು ಕೊಡುತ್ತದೆ. ಹೆಸರಿನ ಕಾಗುಣಿತವನ್ನು ಮಾತ್ರ ನೆಚ್ಚಬಾರದು. ಬರೆದವನು ಇಂಗ್ಲಿಷು ಕಲಿತವನು. ಹೇಳಿದವಳು ಭೋಜಪುರಿ ಆಡುವವಳು. ಕಿವಿಗೆ ಬಿದ್ದದ್ದು ಕಾಗದಕ್ಕೆ ಇಳಿಯಿತು. ಪ್ರಸಾದ ‘ಪರ್ಸಾದ್’ ಆದ. ರಾಮಕಿಶನ್ ‘ರಾಮ್‌ಕಿಸ್ಸೂನ್’ ಆದ. ಒಂಟಿ ಹೆಸರಿನವರ ಮಕ್ಕಳಿಗೆ ತಂದೆಯ ಹೆಸರೇ ಮನೆತನದ ಹೆಸರಾಯಿತು. ಹೆಸರು ಮೋಸ ಮಾಡಿದಲ್ಲಿ ಸಂಖ್ಯೆಯೇ ಕೈಹಿಡಿಯುತ್ತದೆ. ಸಂಖ್ಯೆಯಿಂದ ವಲಸೆಗಾರರ ದೊಡ್ಡ ರಿಜಿಸ್ಟರು, ಅಲ್ಲಿಂದ ಹಡಗಿನ ಹೆಸರು ಮತ್ತು ವರ್ಷ, ಅಲ್ಲಿಂದ ಊರು.

ಈ ಕಾಗದಗಳಿರುವುದು ಪೋರ್ಟ್ ಆಫ್ ಸ್ಪೇನಿನ ಸೇಂಟ್ ವಿನ್ಸೆಂಟ್ ರಸ್ತೆಯ ರಾಷ್ಟ್ರೀಯ ದಾಖಲೆಗಳ ಮನೆಯಲ್ಲಿ. ಟ್ರಿನಿಡಾಡ್, ಗಯಾನಾ, ಸುರಿನಾಮ್, ಫಿಜಿ ದೇಶಗಳ ಇಂಥ ದಾಖಲೆಗಳನ್ನು ಯುನೆಸ್ಕೋ ಸಂಸ್ಥೆ ೨೦೧೧ರಲ್ಲಿ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿದೆ. ಗುಮಾಸ್ತರು ಬರೆದ ರಿಜಿಸ್ಟರಿಗೆ ಇಂಥ ಮರ್ಯಾದೆ ಸಿಕ್ಕಿತೆಂದು ನನಗೆ ಒಳಗೊಳಗೇ ಹೆಮ್ಮೆ! ಯಜಮಾನಿತಿ ಒಗೆದಿಟ್ಟ ಒಳ್ಳೆಯ ಸೀರೆಯುಟ್ಟು ನನ್ನ ಜೊತೆ ಹೊರಟರು. ಅಲ್ಲಿ ಹೆಂಗಸರು ದಿನವೂ ಸೀರೆ ಉಡುವುದಿಲ್ಲ. ಅದು ದೇವಸ್ಥಾನಕ್ಕೆ ಹೋಗುವ ಉಡುಗೆ.

ಓದುವ ಕೋಣೆಯಲ್ಲಿ ನಮ್ಮ ಮಗ್ಗುಲ ಮೇಜಿಗೆ ಆಫ್ರಿಕಾ ಮೂಲದ ನಿವೃತ್ತ ಶಿಕ್ಷಕರೊಬ್ಬರು ಕುಳಿತಿದ್ದರು. ಅವರೂ ತಮ್ಮ ಹಿರಿಯರನ್ನು ಹುಡುಕುವವರೇ. ಜನನ ದಾಖಲೆಗಳ ಏಣಿ ಹಿಡಿದು ೧೮೪೮ಕ್ಕೆ ಇಳಿದಿದ್ದರು. ಅದರಾಚೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಅದರಾಚೆ ಗುಲಾಮರ ರಿಜಿಸ್ಟರು. ಟ್ರಿನಿಡಾಡಿನಲ್ಲಿ ೧೮೧೩ರಲ್ಲಿಯೇ ಗುಲಾಮರನ್ನು ಪಟ್ಟಿಮಾಡಿದ್ದರು. ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತು, ಹುಟ್ಟಿದ ದೇಶ, ಎಲ್ಲವೂ ಇದೆ. ಆದರೆ ಪಟ್ಟಿ ಇರುವುದು ಯಜಮಾನರ ಹೆಸರಿನ ಮೇಲೆ. “ನನ್ನ ಮುತ್ತಜ್ಜಿಯ ಅಜ್ಜಿಯನ್ನು ಹುಡುಕಬೇಕಾದರೆ, ಅವಳು ಯಾರ ಸ್ವತ್ತಾಗಿದ್ದಳೆಂದು ನಾನು ಮೊದಲು ತಿಳಿಯಬೇಕು” ಎಂದರು ಆ ಶಿಕ್ಷಕರು. ಆಮೇಲೆ ಯಜಮಾನಿತಿಯ ಕಡೆ ತಿರುಗಿ, “ನಿಮಗೆ ಒಂದು ಹಡಗಿನ ಹೆಸರಾದರೂ ಸಿಕ್ಕೀತು, ಅಮ್ಮಾ” ಎಂದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಯಜಮಾನಿತಿ ಚೀಲದಿಂದ ಎರಡು ಪೇರಲಹಣ್ಣು ತೆಗೆದು ಅವರ ಕೈಗೆ ಕೊಟ್ಟರು.

ಹಡಗಿನ ಹೆಸರು ಸಿಕ್ಕಿತು: ಗ್ಯಾಂಜೀಸ್. ಕೂಲಿಗಳನ್ನು ಒಯ್ಯುತ್ತಿದ್ದ ಆ ಕಂಪನಿಯವರು ತಮ್ಮ ಹಡಗುಗಳಿಗೆಲ್ಲ ನದಿಗಳ ಹೆಸರಿಡುತ್ತಿದ್ದರು. ಸಟ್ಲೆಜ್, ಮುಟ್ಲಾ, ಗ್ಯಾಂಜೀಸ್. ೧೯೧೭ರಲ್ಲಿ ಕರಾರಿನ ಕೂಲಿಗಳ ಕಡೆಯ ತಂಡವನ್ನು ಟ್ರಿನಿಡಾಡಿಗೆ ತಂದದ್ದೂ ಇದೇ ಗ್ಯಾಂಜೀಸ್. ನಮ್ಮ ಯಜಮಾನಿತಿಯ ಆಜಿ ಅದಕ್ಕೆ ಕೆಲವು ವರ್ಷ ಮೊದಲೇ ಬಂದವಳು.

ಎರಡು ದಿನಗಳ ಮೇಲೆ ಅವಳ ರಹದಾರಿ ನಮ್ಮ ಮುಂದೆ ಬಂತು. ಕಲಕತ್ತೆಯಲ್ಲಿ ಹಡಗು ಹತ್ತಿಸುವ ಮುನ್ನ ಒಬ್ಬೊಬ್ಬರಿಗೂ ಬರೆದುಕೊಡುತ್ತಿದ್ದ ಕಾಗದ ಅದು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಜಿಲ್ಲೆ, ಠಾಣೆ, ಗ್ರಾಮ, ಹತ್ತಿರದ ಬಂಧು, ಮೈಮೇಲಿನ ಗುರುತು. ವಯಸ್ಸು ೨೦ ಎಂದಿತ್ತು. ಜಿಲ್ಲೆ ಬಸ್ತಿ. ಗುರುತು, ಎಡ ಮೊಣಕಾಲಿನ ಮೇಲೆ ಗಾಯದ ಕಲೆ. ಜೊತೆಯಲ್ಲಿ ಬಂದ ಗಂಡನ ಹೆಸರಿನ ಕಡೆ ಏನೂ ಇರಲಿಲ್ಲ. ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಹಡಗಿನಲ್ಲಿರಬೇಕೆಂದು ಸರ್ಕಾರದ ನಿಯಮವಿತ್ತು. ಅವರಲ್ಲಿ ಒಂಟಿಯಾಗಿ ಬಂದವರು ಬಹಳ. ಈಕೆಯೂ ಒಂಟಿಯಾಗಿ ಬಂದವಳು. ಗಂಡನನ್ನು ಕಂಡುಕೊಂಡದ್ದು ಈ ನೆಲದಲ್ಲಿ.

ಯಜಮಾನಿತಿ ಆ ಕಾಗದವನ್ನು ಮುಟ್ಟಲಿಲ್ಲ. ತಮ್ಮ ಎಡ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕುಳಿತರು. “ನಾವು ಅರವತ್ತು ವರ್ಷದಿಂದ ಆಜಾನ ಊರು ಯಾವುದೆಂದು ಹುಡುಕಿದೆವು. ಆಜಿಯನ್ನು ಯಾರೂ ಕೇಳಲೇ ಇಲ್ಲ” ಎಂದರು.

ತಂದೆಯ ಕಾಲಂ ತುಂಬಿದ್ದರೆ ಆ ಮನೆಯವರು ಅದನ್ನೇ ಹಿಡಿದು ಹೋಗುತ್ತಿದ್ದರು. ಅದು ಖಾಲಿಯಿದ್ದುದರಿಂದ ಈ ಹೆಂಗಸಿನ ಹೆಸರು ಓದಬೇಕಾಯಿತು. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಆ ಮನೆಯವರ ಸ್ವತ್ತು.

ಗ್ರಾಮದ ಹೆಸರು ಮಾತ್ರ ಗುಮಾಸ್ತನ ಕಿವಿಯಲ್ಲಿ ಮುರಿದುಹೋಗಿತ್ತು. ಭಾರತಕ್ಕೆ ಬಂದ ಮೇಲೆ ನಾನು ಜನಗಣತಿಯ ಗ್ರಾಮಗಳ ಪಟ್ಟಿಯಲ್ಲಿ ಹುಡುಕಿದೆ. ಹಳೆಯ ಜಿಲ್ಲೆ ಒಡೆದು ಈಗ ಮೂರಾಗಿದೆ. ಆ ಹೆಸರಿಗೆ ಹೊಂದುವ ಊರುಗಳು ಮೂರು ಸಿಕ್ಕಿವೆ. ಯಾವುದೆಂದು ಇನ್ನೂ ಗೊತ್ತಾಗಿಲ್ಲ. ಹೀಗೆ ಹುಡುಕಿ ಊರು ಕಂಡವರೂ ಇದ್ದಾರೆ. ಟ್ರಿನಿಡಾಡಿನ ಪ್ರಧಾನಿಯಾಗಿದ್ದಾಗ ಶ್ರೀಮತಿ ಕಮಲಾ ಪ್ರಸಾದ್ ಬಿಸೆಸರ್ ಅವರು ೨೦೧೨ರಲ್ಲಿ ಬಿಹಾರದ ಬಕ್ಸರ್ ಜಿಲ್ಲೆಯ ಭೇಲುಪುರಕ್ಕೆ, ತಮ್ಮ ಮುತ್ತಜ್ಜನ ಊರಿಗೆ, ಬಂದು ಹೋದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಹೊರಡುವ ಮುನ್ನಾದಿನ ಭಾವನವರು ನನ್ನನ್ನು ದೋಣಿಯಲ್ಲಿ ನೆಲ್ಸನ್ ದ್ವೀಪಕ್ಕೆ ಕರೆದೊಯ್ದರು. ೧೮೬೬ರಿಂದ ೧೯೧೭ರವರೆಗೆ ಬಂದವರನ್ನೆಲ್ಲ ಮೊದಲು ಇಳಿಸಿ, ರೋಗರುಜಿನ ನೋಡಿ, ತೋಟಗಳಿಗೆ ಹಂಚುತ್ತಿದ್ದ ಬಂಡೆಯ ತುಣುಕು ಅದು. ಅಲ್ಲಿಂದ ನೋಡಿದರೆ ಟ್ರಿನಿಡಾಡಿನ ಹಸಿರು ಬೆಟ್ಟ ಕೈಗೆಟುಕುವಂತೆ ಕಾಣುತ್ತದೆ. ಆ ಇಪ್ಪತ್ತರ ಹುಡುಗಿ ಇಲ್ಲಿ ಸಾಲಿನಲ್ಲಿ ನಿಂತಾಗ ಅವಳ ಎದುರು ಮೇಜಿನ ಹಿಂದೆ ಒಬ್ಬ ಗುಮಾಸ್ತ ಕುಳಿತಿರಬೇಕು. ಸಂಖ್ಯೆ ಬರೆದು, ‘ಮುಂದೆ’ ಎಂದಿರಬೇಕು. ಅವನ ಮೇಲೆ ನನಗೆ ಕೋಪ ಬರಲಿಲ್ಲ. ನನಗೆ ನೆನಪಾದದ್ದು ಬೇರೆಯೇ.

ಕೆಲವು ವರ್ಷಗಳ ಹಿಂದೆ ನನ್ನ ಮೇಜಿನ ಮುಂದೆಯೂ ಒಬ್ಬಳು ಹುಡುಗಿ ನಿಂತಿದ್ದಳು. ಕಟ್ಟಡದ ಕೆಲಸಕ್ಕೆಂದು ಯಾದಗಿರಿಯ ಕಡೆಯಿಂದ ಮುಂಬಯಿಗೆ ಬಂದವಳು. ಕೂಸು ಹುಟ್ಟಿ ಕೆಲವು ತಿಂಗಳಾಗಿತ್ತು, ಗಂಡ ಬಿಟ್ಟುಹೋಗಿದ್ದ. ನಾನು ಕನ್ನಡದವನೆಂದು ತಿಳಿದು ಅವಳ ಮುಖ ಅರಳಿತು. “ನಮ್ಮವ್ರ ಅದೀರಿ ಸಾಹೇಬ್ರ, ಕೂಸಿನ ಹೆಸರು ಬರಕೋರಿ” ಎಂದಳು. “ತಂದೆಯ ಹೆಸರು?” ಎಂದೆ. “ಅವನ ಹೆಸರು ಬ್ಯಾಡ್ರಿ.” ಆ ಕಾಲಂ ಖಾಲಿ ಬಿಡಲಾಗದು, ಕಾಗದ ತೆಗೆದುಕೊಂಡು ಬಾ ಎಂದು ಕಳಿಸಿದೆ. ಎರಡನೆಯ ಸಲವೂ ಅದನ್ನೇ ಹೇಳಿದೆ. ಮೂರನೆಯ ಸಲ ಅವಳು ಬರಲಿಲ್ಲ. ಒಂಟಿ ತಾಯಿ ಪ್ರಮಾಣಪತ್ರ ಬರೆದುಕೊಟ್ಟರೆ ತಂದೆಯ ಹೆಸರಿಲ್ಲದೆಯೂ ಮಗುವಿನ ಜನನ ಪತ್ರ ಕೊಡಬೇಕೆಂದು ೨೦೧೫ರ ಜುಲೈಯಲ್ಲಿಯೇ ಸುಪ್ರೀಂ ಕೋರ್ಟು ಹೇಳಿಯಾಗಿತ್ತು. ನನಗೆ ಅದು ತಿಳಿದಿರಲಿಲ್ಲ. ತಿಳಿದುಕೊಳ್ಳುವ ಶ್ರಮವನ್ನೂ ನಾನು ಪಡಲಿಲ್ಲ. ಕೇಳಿದ್ದರೆ ಹೇಳುವ ಮೇಲಧಿಕಾರಿಗಳು ಮಗ್ಗುಲ ಕೋಣೆಯಲ್ಲಿಯೇ ಇದ್ದರು.

ಟ್ರಿನಿಡಾಡಿನ ಆ ಗುಮಾಸ್ತ ಗೆರೆ ಎಳೆದರೂ ತಾಯಿಯ ಹೆಸರು, ಸಂಖ್ಯೆ ಬರೆದುಕೊಂಡ. ನೂರು ವರ್ಷದ ಮೇಲೆ ಒಬ್ಬ ಮೊಮ್ಮಗಳಿಗೆ ಅದು ದಾರಿಯಾಯಿತು. ನಾನು ಅಷ್ಟನ್ನೂ ಬರೆಯಲಿಲ್ಲ. ಆ ಕೂಸು ಈಗ ಎಲ್ಲಿದೆಯೋ, ಯಾವ ಶಾಲೆಯಲ್ಲಿ ಯಾವ ಕಾಗದ ಕೇಳುತ್ತಿದ್ದಾರೋ ತಿಳಿಯದು. ಅವಳು ಹೇಳಿದ ಕಟ್ಟಡದ ವಿಳಾಸಕ್ಕೆ ಹೋಗಿ ವಿಚಾರಿಸಿದೆ. ಕಟ್ಟಡ ಮುಗಿದು ಜನ ವಾಸಕ್ಕೆ ಬಂದಿದ್ದಾರೆ. ಕೆಲಸಗಾರರು ಎಂದೋ ಹೋಗಿಬಿಟ್ಟಿದ್ದಾರೆ. ಈಗ ನನ್ನ ಮೇಜಿನ ಮೇಲೆ, ಯಾರು ಯಾವ ಕಾಗದ ತರಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂಬುದನ್ನು ಮರಾಠಿ, ಹಿಂದಿ, ಕನ್ನಡ ಮೂರರಲ್ಲಿಯೂ ಬರೆದು ಅಂಟಿಸಿದ್ದೇನೆ. ಓದಲು ಬಾರದವರಿಗೆ ಓದಿ ಹೇಳುತ್ತೇನೆ.

ನಮ್ಮ ಸಂಘದ ಬಂಧುಗಳಲ್ಲಿ ಒಂದು ಅರಿಕೆ. ನಾವೂ ಊರು ಬಿಟ್ಟು ಬಂದವರೇ. ನಮ್ಮ ಮಕ್ಕಳಿಗೆ ಅಜ್ಜನ ಊರು ಗೊತ್ತಿದ್ದರೆ ಅಜ್ಜಿಯ ತವರು ಗೊತ್ತಿಲ್ಲ. ಒಂದು ರವಿವಾರ ಕುಳಿತು, ಎರಡೂ ಕಡೆಯ ಹಿರಿಯರ ಹೆಸರು, ಅಜ್ಜಿಯರ ಹುಟ್ಟುಮನೆಯ ಹೆಸರು, ಗ್ರಾಮ, ತಾಲ್ಲೂಕು, ನೆನಪಿದ್ದಷ್ಟು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಮನೆಯ ಹಳೆಯ ಕಾಗದವನ್ನು ಹರಿದು ಹಾಕುವ ಮುನ್ನ ಎಲ್ಲ ಕಾಲಮುಗಳನ್ನೂ ಓದಿ. ನಾಚಿಕೆಯೆಂದು ಮಡಚಿಟ್ಟ ಕಾಗದವಿದ್ದರೆ ಅದನ್ನು ಮೊದಲು ಓದಿ.

ಕಳೆದ ಪಿತೃಪಕ್ಷದಲ್ಲಿ ಅಕ್ಕ ಫೋನು ಮಾಡಿದ್ದಳು. ಅಲ್ಲಿಯೂ ಆ ಹದಿನೈದು ದಿನ ಹಿರಿಯರಿಗೆ ನೀರು ಬಿಡುತ್ತಾರೆ. ಈ ಸಲ ಯಜಮಾನಿತಿಯ ಮನೆಯಲ್ಲಿ ಆಜಾನ ಹೆಸರಿನ ಜೊತೆಗೆ ಆಜಿಯ ಹೆಸರನ್ನೂ, ಅವಳ ತಂದೆಯ ಹೆಸರನ್ನೂ ಹೇಳಿಸಿದರಂತೆ. ಊರಿನ ಹೆಸರು ಹೇಳುವಾಗ ಪುರೋಹಿತರು ತಡವರಿಸಿದರಂತೆ. “ಮೂರು ಊರಿನ ಹೆಸರೂ ಹೇಳ್ರಿ, ಅದರೊಳಗ ಒಂದು ಅಕೀದೇ ಅದ” ಎಂದು ಅಕ್ಕನೇ ಹೇಳಿಕೊಟ್ಟಳಂತೆ.